ಆರನೆಯ ಬಾಟಲಿಯ ಗುಳ್ಳೆ

"ಐದರಾಗ ಏನೂ ಇಲ್ಲ. ಒಂದರಾಗ ಗಾಳಿ ಕೂತದ. ಮುಗೀತಲ್ರಿ ಬಾಯಾರ? ಬರೀರಿ ರಿಪೋರ್ಟು."

ಸಿದ್ದಾಪುರದ ಫೌಜದಾರ ಅನಂತಮೂರ್ತಿ ಟೊಪ್ಪಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಶಿರಸಿ ದವಾಖಾನೆಯ ಹಿಂದಿನ ಕೋಣೆಯಲ್ಲಿ ಬಗ್ಗಿ ನಿಂತಿದ್ದರು. ಅವರ ಮೂಗಿನ ಮುಂದೆ ಮರದ ಚೌಕಟ್ಟು. ಅದರಲ್ಲಿ ಸಾಲಾಗಿ ಆರು ಗಾಜಿನ ನಳಿಕೆ; ಜಪ್ತಿ ಮಾಡಿದ ಪೆಟ್ಟಿಗೆಯ ಆರು ಸೋಡಾ ಬಾಟಲಿಗಳಿಗೆ ಒಂದೊಂದು.

ಪುಣೆಯಲ್ಲಿ ಬಿ.ಎಸ್ಸಿ. ಮುಗಿಸಿ, ನೀರು ಪರೀಕ್ಷೆಯ ಪೆಟ್ಟಿಗೆಯೊಂದಿಗೆ ಊರಿಗೆ ಮರಳಿದ ರಾಜೀವಿಗೆ ಮಾತು ದುಬಾರಿ ಎಂದು ದವಾಖಾನೆಯವರೆಲ್ಲ ಹೇಳುತ್ತಿದ್ದರು. ಅವಳು ಆರನೆಯ ನಳಿಕೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಪಿತ್ತರಸ, ಹಾಲುಸಕ್ಕರೆ ಬೆರೆಸಿದ, ಜೀವಾಣು ಬೆಳೆಸುವ ಸಾರು ಬಣ್ಣ ತಿರುಗಿತ್ತು. ಒಳಗೆ ಬೋರಲು ಹಾಕಿದ ಇನ್ನೊಂದು ಪುಟ್ಟ ನಳಿಕೆಯ ನೆತ್ತಿಯಲ್ಲಿ ಕಡಲೆಕಾಳಿನಷ್ಟು ದಪ್ಪದ ಗುಳ್ಳೆ ಮೆರೆಯುತ್ತಿತ್ತು.

ಸಿದ್ದಾಪುರದಲ್ಲಿ ಮಾಸ್ತರರ ಸಭೆಯಾಗಿ, ಸೀತಾರಾಮ ಹೆಗಡೆಯವರ ಹೋಟೆಲಿನಲ್ಲಿ ಉಂಡು, ಮೇಲೆ ಇಸಾಕನ ಗೋಲಿಸೋಡಾ ಕುಡಿದವರಲ್ಲಿ ಹದಿನಾಲ್ಕು ಜನ ವಿಷಮಜ್ವರದಿಂದ ಮಲಗಿದ್ದರು. ಇಬ್ಬರು ಏಳಲೇ ಇಲ್ಲ. ಹೆಗಡೆಯವರು ಕೊಟ್ಟ ದೂರಿನ ಮೇಲೆ ಶಿರಸಿಯ ಸೋಡಾ ಇಸಾಕ ಹನ್ನೊಂದು ದಿನದಿಂದ ಸಿದ್ದಾಪುರದ ಲಾಕಪ್ಪಿನಲ್ಲಿದ್ದ. ವಿಚಾರಣೆ ನಾಳೆ ಶುಕ್ರವಾರ ಹನ್ನೊಂದಕ್ಕೆ, ಮಾಮಲೆದಾರರ ಮುಂದೆ.

"ಬರೆಯುತ್ತೇನೆ," ಎಂದಳು ರಾಜೀವಿ. "ಈ ಗುಳ್ಳೆಯೇ ಇಸಾಕನನ್ನು ಹೊರಗೆ ತರುತ್ತದೆ."

"ಹೊರಗ? ಅವನ ಬಾಟ್ಲ್ಯಾಗ ಹೊಲಸು ಅದ ಅಂತ ನಿಮ್ಮ ನಳಿಕೀನ ಸಾಕ್ಷಿ ಹೇಳಾಕತ್ತದ. ಹೊರಗ ಹೆಂಗ ಬರತಾನ?"

"ಫೌಜದಾರ ಸಾಹೇಬರೇ, ಈ ಗುಳ್ಳೆ ಎಬ್ಬಿಸಿದ್ದು ಕೋಲಿ ಅನ್ನುವ ಜೀವಾಣು. ನನ್ನ ಹೊಟ್ಟೆಯಲ್ಲಿ ಇದೆ. ನಿಮ್ಮ ಹೊಟ್ಟೆಯಲ್ಲೂ ಇದೆ."

"ನನ್ನ ಹೊಟ್ಟ್ಯಾಗ ಯಾಕ ಇರತದ? ನಾ ಗಟ್ಟಿಮುಟ್ಟ ಅದೀನಿ."

"ಗಟ್ಟಿಮುಟ್ಟಾದವರ ಕರುಳಿನಲ್ಲೇ ಅದರ ಮನೆ. ಅಲ್ಲಿ ಇರುವ ತನಕ ಸಾಧು ಪ್ರಾಣಿ. ಮನೆ ಬಿಟ್ಟು ಹೊರಟರೆ ಕಷ್ಟ. ಗಾಯಕ್ಕೆ ಹೋದರೆ ಕೀವು. ಕರುಳು ಒಡೆದು ಹೊಟ್ಟೆಯೊಳಗೆ ಚೆಲ್ಲಿದರೆ ಜೀವಕ್ಕೇ ಸಂಚಕಾರ. ಮೂತ್ರಕೋಶಕ್ಕೆ ಹೋದರೆ... ಹೋದ ತಿಂಗಳು ಉರಿ ಅಂತ ನೀವೇ ಒಂದು ಶೀಶೆ ತಂದುಕೊಟ್ಟಿದ್ದಿರಲ್ಲ?"

ಫೌಜದಾರರು ಬಾಗಿಲಿನ ಕಡೆ ನೋಡಿದರು. "ಸಾವಕಾಶ ಮಾತಾಡ್ರೀ! ಹೊರಗ ಕಂಪೌಂಡರ್ ಅದಾನ."

"ಅದೂ ಇದೇ."

"ಆತ್ರಿ, ಆತು. ಮುಂದ ಹೇಳ್ರಿ."

"ನೀರಿನಲ್ಲಿ ಕೋಲಿ ಕಂಡರೆ, ಯಾವುದೋ ಹೊಟ್ಟೆಯ ಹೊಲಸು ಆ ನೀರಿಗೆ ಬಂದಿದೆ ಎಂದು ಲೆಕ್ಕ. ಆ ದಾರಿಯಲ್ಲಿ ಟೈಫಾಯ್ಡ್, ಅಂದರೆ ಈ ವಿಷಮಜ್ವರ, ಕೂಡ ಬರಬಹುದು. ಇಲ್ಲಿಯವರೆಗೆ ನೀವು ಹೇಳುವುದು ಸರಿ. ಆದರೆ ಸೋಡಾದ ಗ್ಯಾಸಿನೊಳಗೆ ಕೋಲಿ ಎಷ್ಟು ದಿನ ಬದುಕುತ್ತದೆ, ಅದನ್ನು ಯಾರೂ ಕೇಳಲಿಲ್ಲ."

ಅವಳು ಮೇಜಿನ ಖಾನೆಯಿಂದ ಕಪ್ಪು ರಟ್ಟಿನ ವಹಿ ತೆಗೆದಳು. ಇಸಾಕನನ್ನು ಹಿಡಿದ ಮಾರನೆಯ ದಿನವೇ ಅವಳು ಯಲ್ಲಾಪುರಕ್ಕೆ ಹೋಗಿದ್ದಳು. ಅಲ್ಲಿ ಜಲೀಲ್ ಎಂಬುವನ ಹತ್ತಿರ ಸೋಡಾ ಮಿಷನ್ ಇತ್ತು. ಬೇಕೆಂದೇ ಚರಂಡಿ ನೀರು ಬೆರೆಸಿ ಆರು ಬಾಟಲಿ ತುಂಬಿಸಿದ್ದಳು. "ಅಲ್ಲಾ ಅಕ್ಕಾ, ನಂದೂ ಅಂಗಡಿ ಮುಚ್ಚಿಸಬೇಕು ಅಂತ ಬಂದೀರಾ?" ಎಂದು ಜಲೀಲ್ ತಲೆ ಚಚ್ಚಿಕೊಂಡಿದ್ದ. ದಿನಕ್ಕೊಂದರಂತೆ ಬಾಟಲಿ ಒಡೆದು, ನಳಿಕೆಗೆ ಹಾಕಿ, ಕಂಡದ್ದನ್ನು ಬರೆದುಕೊಂಡಿದ್ದಳು. ಈ ವಿಷಯ ಯಾರಿಗೂ ಹೇಳಿರಲಿಲ್ಲ.

"ಮೊದಲ ದಿನದ ಬಾಟಲಿ: ತುಂಬು ಗುಳ್ಳೆ. ಎರಡನೆಯ ದಿನವೂ ತುಂಬು. ಮೂರನೆಯ ದಿನ ಕಡಲೆಕಾಳಿನಷ್ಟು. ನಾಲ್ಕನೆಯ ದಿನ ಸಾಸಿವೆಯಷ್ಟು. ಐದು, ಆರು: ಏನೂ ಇಲ್ಲ. ಗ್ಯಾಸಿನಲ್ಲಿ ಉಸಿರು ಕಟ್ಟಿ ಎಲ್ಲಾ ಸತ್ತಿದ್ದವು. ಈಗ ಹೇಳಿ, ನೀವು ಕಳಿಸಿದ ಬಾಟಲಿ ನಾನು ಒಡೆದದ್ದು ಯಾವತ್ತು?"

"ಮೊನ್ನೆ. ಮಂಗಳವಾರ."

"ಅದರಲ್ಲಿ ಕಡಲೆಕಾಳಿನಷ್ಟು ಗುಳ್ಳೆ. ಅಂದರೆ ಅದು ತುಂಬಿದ್ದು ಮೂರು ದಿನದ ಹಿಂದೆ. ಬಹಳವೆಂದರೆ ನಾಲ್ಕು. ಶುಕ್ರವಾರಕ್ಕಿಂತ ಹಿಂದೆ ಸಾಧ್ಯವಿಲ್ಲ. ಆಗ ಇಸಾಕ ಎಲ್ಲಿದ್ದ?"

ಫೌಜದಾರರು ಟೊಪ್ಪಿಗೆ ಕೆಳಗಿಟ್ಟರು. "ನನ್ನ ಲಾಕಪ್ಪಿನಾಗ."

"ಅವನ ಕಾರ್ಖಾನೆ?"

"ಮೊಹರು ಬಡದದ." ಅವರು ನಿಧಾನವಾಗಿ ಸ್ಟೂಲಿನ ಮೇಲೆ ಕುಳಿತರು. "ಹಂಗಂದ್ರ ಯಾರೋ ಪೆಟ್ಟಿಗ್ಯಾಗಿನ ಬಾಟ್ಲಿ ಬದಲಿ ಮಾಡ್ಯಾರ."

"ಪೆಟ್ಟಿಗೆ ಎಲ್ಲಿತ್ತು?"

"ಚೌಕಿಯಾಗ ಇಲಿ ಕಾಟ ಭಾಳ್ರಿ. ಪಂಚನಾಮೆ ಮಾಡಿ ಹೆಗಡೇರ ಹೋಟೆಲಿನ ಉಗ್ರಾಣದಾಗ ಇಟ್ಟಿದ್ದೆ. ಬೀಗ ಅವರದು, ಕೀಲಿಕೈ ನನ್ನ ಕಿಸೆದಾಗ."

"ಬೀಗ ಕೊಂಡರೆ ಎರಡು ಕೀಲಿಕೈ ಬರುತ್ತವೆ."

ಫೌಜದಾರರು ಕಿಸೆಯಲ್ಲಿದ್ದ ಕೀಲಿಕೈಯನ್ನು ತಡಕಿ ನೋಡಿಕೊಂಡರು.

ರಾಜೀವಿ ಅವರಿಗೆ ಉಸಿರಾಡಲು ಬಿಡಲಿಲ್ಲ. ಒಂದು ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಸರಿಸಿ, "ಇಲ್ಲಿ ನೋಡಿ," ಎಂದಳು. "ಆರನೆಯ ಬಾಟಲಿಯ ತಳದಲ್ಲಿ ಕೂತಿದ್ದ ಗಸಿ."

ಅವರು ಒಂದು ಕಣ್ಣು ಮುಚ್ಚಿ ಇಣುಕಿದರು. "ಹುಲ್ಲು ಕತ್ತರಿಸಿ ಹಾಕಿಧಂಗ ಕಾಣ್ತದ."

"ಅಗಿದ ಹುಲ್ಲಿನ ನಾರು. ಇದು ಮನುಷ್ಯರ ಹೊಲಸಲ್ಲ. ಸಗಣಿ. ಕೋಲಿ ಹಸುವಿನ ಕರುಳಿನಲ್ಲೂ ಇರುತ್ತದೆ, ಗುಳ್ಳೆ ಹಾಗೇ ಬರುತ್ತದೆ. ಆದರೆ ಶಿರಸಿ ಪೇಟೆಯ ನಡುವೆ ಇರುವ ಇಸಾಕನ ಕಾರ್ಖಾನೆಯ ಹತ್ತಿರ ಹಸು ಎಲ್ಲಿದೆ? ಸೋಡಾಕ್ಕೆ ಹೊಲಸು ಹಾಕಬೇಕು, ಆದರೆ ಹೊಲಸು ಮುಟ್ಟಿದರೆ ಮೈಲಿಗೆ. ಅಂಥವರು ಯಾರು?"

"ಮಡಿಯವರು," ಎಂದರು ಫೌಜದಾರರು ಸಣ್ಣ ದನಿಯಲ್ಲಿ. ಆಮೇಲೆ ಮೀಸೆ ತೀಡಿ, "ಆದ್ರ ಬಾಯಾರ, ಗೋಲಿಬಾಟ್ಲಿ ಮನ್ಯಾಗ ತುಂಬಾಕ ಬರೂದಿಲ್ಲ. ಗ್ಯಾಸಿನ ಒತ್ತಡ ಇಲ್ಲದ ಗೋಲಿ ಮ್ಯಾಲೆ ಬಂದು ಕೂಡೂದಿಲ್ಲ. ಮಿಷನ್ ಬೇಕು."

ರಾಜೀವಿಗೆ ಅವರ ಮೇಲೆ ಮೊದಲ ಸಲ ಗೌರವ ಬಂತು. "ಅದೇ ಉಳಿದಿರುವ ಪ್ರಶ್ನೆ. ಜಲೀಲನ ಮಿಷನ್ನಿನ ಚಕ್ರ ಕಳೆದ ಗುರುವಾರ ಮುರಿದು ರಿಪೇರಿಗೆ ಹುಬ್ಬಳ್ಳಿಗೆ ಹೋಗಿದೆ. ಈ ಮೂರು ತಾಲೂಕಿನಲ್ಲಿ ಉಳಿದದ್ದು ಒಂದೇ, ಇಸಾಕನದು. ಮೊಹರು ಹಾಕಿದ ಬಾಗಿಲಿನ ಹಿಂದೆ ಅದನ್ನು ತಿರುಗಿಸಿದವರು ಯಾರು? ಅದು ಗೊತ್ತಿಲ್ಲದಿದ್ದರೆ ನಾಳೆ ವಕೀಲರು ನನ್ನ ಗುಳ್ಳೆಯನ್ನು ಊದಿ ಹಾರಿಸುತ್ತಾರೆ. ನಡೆಯಿರಿ, ಸಿದ್ದಾಪುರಕ್ಕೆ."

ರಸೂಲನ ಬಸ್ಸು ಅವರನ್ನು ಮಧ್ಯಾಹ್ನ ಒಂದು ಗಂಟೆಗೆ ಸಿದ್ದಾಪುರದಲ್ಲಿ ಇಳಿಸಿತು. ಫೌಜದಾರರು ರಸ್ತೆಯಾಚೆಯ ಚೌಕಿಗೆ ಹೋದರು. "ನಾನು ಬಂದ್ರ ಅವರು ಬಾಯಿ ಬಿಡೂದಿಲ್ಲ. ನಿಮ್ಮ ಭಾಷಾದಾಗ ನೀವೇ ಕೇಳ್ರಿ. ಹೆಸರು ಸಿಕ್ಕ ಕೂಡಲೇ ಬರಕೋತೀನಿ."

ಊಟದ ಗದ್ದಲ ಮುಗಿದಿತ್ತು. ಸೀತಾರಾಮ ಹೆಗಡೆಯವರು ಹೋಟೆಲಿನ ಹಿತ್ತಿಲಲ್ಲಿ, ಬಾವಿಕಟ್ಟೆಯ ಪಕ್ಕದ ಬೆಂಚಿನ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಐವತ್ತರ ಪ್ರಾಯ, ಅಗಲ ಹಣೆ, ನಗುಮುಖ. ಊರಲ್ಲಿ ಯಾರಿಗೆ ಕಷ್ಟವಾದರೂ ಮೊದಲು ಓಡುವವರು ಎಂಬ ಹೆಸರು ಅವರಿಗಿತ್ತು.

"ಓಹೋ, ರಾಜೀವಿಯಾ? ಬಾ ಕೂಸೇ, ಕೂತ್ಗ. ಆಸರಿಗೆ ಎಂತ ಕೊಡ್ಲಿ?"

"ನೀರು ಸಾಕು ಸೀತಾರಾಮಣ್ಣ. ನಿಂಗಳ ಬಾವಿದು."

ಅವರು ತಾವೇ ಎದ್ದು, ಕೈಕಾಲು ತೊಳೆದು, ಹಗ್ಗ ಇಳಿಸಿ, ತಾಮ್ರದ ಚೆಂಬಿನ ತುಂಬ ನೀರು ತಂದರು. ರಾಜೀವಿ ಚೀಲದಿಂದ ಗಾಜಿನ ಬಿರಡೆಯ ಶೀಶೆ ತೆಗೆದು, ಅದರಲ್ಲಿ ಅರ್ಧದಷ್ಟು ಸುರಿದುಕೊಂಡು ಬಿರಡೆ ಹಾಕಿದಳು.

ಹೆಗಡೆಯವರ ನಗು ಅಲ್ಲೇ ನಿಂತಿತು. "ಇದೆಂತದೇ?"

"ಬಾಯಾರಿಕೆ ಎನಗಲ್ಲ. ಪೆಟ್ಟಿಗೆಗೆ."

"ಯಂಗ್ಳ ಬಾವಿ ನೀರು ಪರೀಕ್ಷೆ ಮಾಡ್ತ್ಯ? ಮಡಿಯವ್ವು ಬಿಟ್ರೆ ಬೇರೆ ಯಾರ ಕೈಯೂ ಆ ಹಗ್ಗಕ್ಕೆ ತಾಗಿದ್ದಿಲ್ಲೆ! ದೇವರ ತಲೆ ಮೇಲೆ ಹೋಪ ನೀರು ಅದು."

"ಕೈ ತಾಗಿದ್ದಿಲ್ಲೆ, ಒಪ್ಪಿದೆ. ನೆಲದ ಅಡಿಗೆ ಹರಿವ ನೀರಿಗೆ ಮಡಿ ಗೊತ್ತಿದ್ದಾ?" ಅವಳ ಕಣ್ಣು ಬಾವಿಯ ಹಿಂದಿನ ದಿಬ್ಬಕ್ಕೆ ಹೋಯಿತು. ಬಸ್ಸಿನ ಜನಕ್ಕೆಂದು ಹೋದ ವರ್ಷ ಕಟ್ಟಿಸಿದ ಪಾಯಖಾನೆ ಅಲ್ಲಿತ್ತು; ಬಾವಿಗೆ ಇಪ್ಪತ್ತು ಹೆಜ್ಜೆ, ಅದೂ ಮೇಲ್ಭಾಗದಲ್ಲಿ. "ಮಾಸ್ತರಕ್ಕೆ ಅವತ್ತು ಮಜ್ಜಿಗೆ ಬೆರೆಸಿದ್ದು ಇದೇ ನೀರಿಗೆ ಅಲ್ದಾ?"

ಹೆಗಡೆಯವರು ಚೆಂಬಿನಲ್ಲಿ ಉಳಿದದ್ದನ್ನು ಎತ್ತಿ, ಅವಳ ಕಣ್ಣೆದುರೇ ಗಟಗಟ ಕುಡಿದು, ಚೆಂಬನ್ನು ಬೋರಲು ಮಾಡಿ ತೋರಿಸಿದರು. "ಐವತ್ತು ವರ್ಷ ಕುಡಿದ ನೀರು. ಎನಗೆ ಎಂತ ಆಯ್ದು? ಹೇಳು!"

"ನಿಂಗ ಗಟ್ಟಿ ಜೀವ. ಪರ ಊರಿಂದ ಬಂದ ಮಾಸ್ತರಕ್ಕೆ ಆ ಗಟ್ಟಿತನ ಇದ್ದಿದ್ದಿಲ್ಲೆ." ಅವಳು ಗಾಜಿನ ಪಟ್ಟಿಯನ್ನು ಬೆಂಚಿನ ಮೇಲಿಟ್ಟಳು. "ಅದು ಹಾಂಗಿರ್ಲಿ. ಇದು ಆರನೇ ಬಾಟ್ಲಿ ತಳದ್ದು. ಹುಲ್ಲಿನ ನಾರು. ಇಸಾಕ ಒಳಗೆ ಹೋದ ಮೇಲೆ ತುಂಬಿದ ಬಾಟ್ಲಿ. ನಿಂಗಕ್ಕೆ ಹೊಲಸು ಬೇಕಾತು, ಆದ್ರೆ ಹೊಲಸು ಮುಟ್ಲೆ ಕೈ ಬಂದಿದ್ದಿಲ್ಲೆ. ಅದಕ್ಕೆ ಕೊಟ್ಟಿಗೆಗೆ ಹೋದಿ."

ದೂರದಲ್ಲಿ ಯಾರೋ ಪಾತ್ರೆ ಬಳಿಯುವ ಸದ್ದು. ಹೆಗಡೆಯವರು ಕೈಯಲ್ಲಿದ್ದ ವೀಳ್ಯದೆಲೆಯನ್ನು ನಾಲ್ಕು ಸಲ ಮಡಿಸಿದರು, ಬಿಡಿಸಿದರು. ಬಾಯಿಗೆ ಹಾಕಲಿಲ್ಲ.

"ಪಂಚಗವ್ಯಕ್ಕೆ ಹಾಕುವ ಸಗಣಿ ಅದು," ಎಂದರು ಕೊನೆಗೆ. "ಅದ್ರಲ್ಲಿ ಎಂತ ಪಾಪ ಇದ್ದು?"

ಇಷ್ಟು ಸುಲಭವಾಗಿ ಒಪ್ಪುತ್ತಾರೆಂದು ರಾಜೀವಿ ಎಣಿಸಿರಲಿಲ್ಲ.

"ಕೂಸೇ, ರೋಗ ಸೋಡಾದಲ್ಲೇ ಇದ್ದಿತ್ತು. ಮತ್ತೆಲ್ಲಿಂದ ಬತ್ತು? ಪರೀಕ್ಷೆಲಿ ಎಂತೂ ಸಿಗದೇ ಹೋದ್ರೆ ಕೇಸು ಬಿದ್ದುಹೋಗ್ತು. ಎರಡು ಮನೆ ಹೆಂಗಸ್ರು ಕುಂಕುಮ ಅಳಿಸ್ಕಂಡು ಕೂತಿದ್ದ. ಆನು ಸುಳ್ಳು ಹುಟ್ಟಿಸಿದ್ದಲ್ಲ, ಇದ್ದ ಸತ್ಯಕ್ಕೆ ಒಂದು ಕೈ ಹಿಡಿದ್ದಿ, ಅಷ್ಟೇಯ."

ಅವರು ಅದನ್ನು ನಂಬಿಯೇ ಹೇಳುತ್ತಿದ್ದರು. ಕಳ್ಳರ ಕಣ್ಣು ತಪ್ಪಿಸಿಕೊಳ್ಳುತ್ತದೆ ಎಂದು ಅವಳು ಓದಿದ್ದಳು. ಈ ಕಣ್ಣು ನೇರವಾಗಿ ಅವಳನ್ನೇ ನೋಡುತ್ತಿತ್ತು.

"ಮಿಷನ್ ತಿರುಗ್ಸಿದ್ದು ಯಾರು?"

"ಅದನ್ನ ಕೇಳಡ."

"ಕೇಳಿ ಆತು. ಹೇಳಿ."

"ಕೇಳಡ ಹೇಳಿದ್ದು ನಿನ್ನ ಒಳ್ಳೇದಕ್ಕೇಯ." ಹೆಗಡೆಯವರು ದನಿ ತಗ್ಗಿಸಿದರು. "ನಿನ್ನ ಹತ್ರ ಅತ್ಕಂಡು ಬಂದಿತ್ತಲ್ಲೆ, ಇಸಾಕನ ಹೆಂಡ್ತಿ. ನಜೀಮಾ. ಅದೇ ತಿರುಗ್ಸಿದ್ದು."

ರಾಜೀವಿಯ ಬೆರಳು ಶೀಶೆಯ ಬಿರಡೆಯ ಮೇಲೆ ಬಿಗಿಯಾಯಿತು. "ಅದಕ್ಕೆ ಎಂತ ಹೇಳಿ ಹೆದರ್ಸಿದಿ?"

"ಹೆದರ್ಸಿದ್ದಿಲ್ಲೆ. ಇದ್ದದ್ದು ಹೇಳಿದ್ದಿ. ಹುಳ ಸಿಕ್ಕಿದ್ರೆ ನಿರ್ಲಕ್ಷ್ಯ, ಆರು ತಿಂಗಳಲ್ಲಿ ಹೊರಗೆ ಬತ್ತ. ಹುಳ ಸಿಗದಿದ್ರೆ ವಿಷ ಹೇಳಿ ಬರೀತ, ಗಲ್ಲಿಗೆ ಹಾಕ್ತ. ಒಂದೇ ಬಾಟ್ಲಿ ಸಾಕು ಹೇಳಿದ್ದಿ. ಪಾಪ, ಗಂಡನ ಜೀವ ಉಳಿಸ್ತೆ ಹೇಳಿ ಮಾಡ್ತು." ಅವರು ಎದ್ದು ಪಂಚೆ ಕೊಡವಿಕೊಂಡರು. "ಅಡ್ಡಿಲ್ಲೆ, ಈಗ ಹೋಗಿ ಫೌಜದಾರ್ರ ಹತ್ರ ಹೇಳು. ಗಂಡ ಹೊರಗೆ ಬತ್ತ. ಹೆಂಡ್ತಿ ಒಳಗೆ ಹೋಗ್ತು. ಎನ್ನ ಮಾತು ಯಾರೂ ಕೇಳಿದ್ದವಿಲ್ಲೆ, ಆನು ಒಪ್ಪಿದ್ದೇ ಇಲ್ಲೆ."

ರಾಜೀವಿ ಚೀಲ ಹೆಗಲಿಗೇರಿಸಿ ಚೌಕಿಯ ಕಡೆಗೆ ರಸ್ತೆ ದಾಟತೊಡಗಿದಳು. ನಜೀಮಾ ಮೊದಲ ದಿನ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು, "ಏನಾದ್ರೂ ದಾರಿ ಉಂಟಾ ಅಕ್ಕ?" ಎಂದು ಕೇಳಿದ್ದಳು. "ನೋಡೋಣ" ಎಂದು ಮಾತ್ರ ಹೇಳಿ ರಾಜೀವಿ ಯಲ್ಲಾಪುರದ ಬಸ್ಸು ಹತ್ತಿದ್ದಳು. ವಹಿಯಲ್ಲಿ ಬರೆದದ್ದರಲ್ಲಿ ಒಂದೇ ಒಂದು ಸಾಲನ್ನು ಬಾಯಿಬಿಟ್ಟು ಹೇಳಿದ್ದರೆ, ಆ ಹೆಂಗಸು ಹೆಗಡೆಯವರ ಮಾತಿಗೆ ಮಿಷನ್ನಿನ ಚಕ್ರ ಮುಟ್ಟುತ್ತಿರಲಿಲ್ಲ.

ಚೌಕಿಯ ಜಗುಲಿಯಲ್ಲಿ ಫೌಜದಾರರು ಕಾಗದ ಹರಡಿಕೊಂಡು, ದೌತಿಗೆ ಲೇಖಣಿ ಅದ್ದಿ ಕಾಯುತ್ತಿದ್ದರು. ಅವರಿಗೆ ಐದಾರು ಮಾರು ದೂರದಲ್ಲಿ, ಕಂಬಕ್ಕೆ ಒರಗಿ, ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ನಜೀಮಾ ಕುಳಿತಿದ್ದಳು. ದಿನ ಬಿಟ್ಟು ದಿನ ಅವಳು ಶಿರಸಿಯಿಂದ ಗಂಡನಿಗೆ ಊಟ ತರುತ್ತಿದ್ದಳು. ನಿನ್ನೆ ಬಂದವಳು ಮಾತ್ರ ಮರಳದೆ ಇಲ್ಲೇ ನೆಂಟರ ಮನೆಯಲ್ಲಿ ಉಳಿದಿದ್ದಳು.

"ಸಿಕ್ತೇನ್ರಿ ಹೆಸರು?"

ರಾಜೀವಿ ಕಂಬದ ಬಳಿಯ ನಜೀಮಾಳ ಕಡೆ ನೋಡಿದಳು.

"ಬಾಯಾರ, ಹೆಸರು ಇಲ್ಲದ ನಿಮ್ಮ ಗುಳ್ಳಿ ನಿಲ್ಲೂದಿಲ್ಲ ಅಂತ ನೀವೇ ಅಂದ್ರಿ. ಇಸಾಕ ಹೊರಗ ಬರಬೇಕೋ ಬ್ಯಾಡೋ?"

ಗಂಡನ ಹೆಸರು ಕಿವಿಗೆ ಬಿದ್ದು ನಜೀಮಾ ತಲೆಯೆತ್ತಿದಳು. ರಾಜೀವಿಯ ಮುಖ ನೋಡಿದಳು. ಏನು ಓದಿಕೊಂಡಳೋ, ಡಬ್ಬಿ ಕೆಳಗಿಟ್ಟು ಎದ್ದು ಬಂದಳು. ಸೆರಗು ತಲೆಯ ಮೇಲೆ ಸರಿಮಾಡಿಕೊಂಡಳು.

"ನನ್ನ ಹೆಸರು ಬರೀರಿ ಸಾಹೇಬ್ರೆ. ನಜೀಮಾ. ಬಾಟ್ಲಿ ತುಂಬಿದ್ದು ನಾನು."

ಲೇಖಣಿಯಿಂದ ಒಂದು ಹನಿ ಮಸಿ ಕಾಗದದ ಮೇಲೆ ಬಿತ್ತು. "ಏನಂದಿ?"

"ಅಕ್ಕ ಯಾಕೆ ಸುಮ್ಮನಾದ್ರು ಅಂತ ನಂಗೆ ಗೊತ್ತಾಯ್ತು. ನಂಗೋಸ್ಕರ ಅವರು ಸುಮ್ಮನಿರೋದು ಬೇಡ. ಇವರು ಬರ್ತಾರಲ್ಲ ಹೊರಗೆ? ಅಷ್ಟು ಹೇಳಿ ಅಕ್ಕ. ನಾನು ತುಂಬಿದ್ದು ಅಂತ ಗೊತ್ತಾದ್ರೆ ಇವರನ್ನ ಬಿಡ್ತಾರಾ?"

"ಬಿಡುತ್ತಾರೆ," ಎಂದಳು ರಾಜೀವಿ. ಅವಳ ದನಿ ಮತ್ತೆ ಗಟ್ಟಿಯಾಯಿತು. "ನಿನ್ನನ್ನೂ ಬಿಡಿಸುತ್ತೇನೆ. ಸುಳ್ಳು ಹೇಳಿ ಮಾಡಿಸಿದವರದು ದೊಡ್ಡ ತಪ್ಪು. ಆದರೆ ಈಗ ಎಲ್ಲಾ ಹೇಳು ನಜೀಮಾ. ಒಂದು ಚೂರೂ ಬಿಡಬೇಡ. ಸಾಹೇಬರೇ, ಬರೆದುಕೊಳ್ಳಿ."

ನಜೀಮಾ ಹೇಳಿದಳು. ಶನಿವಾರ ಬೆಳಗಿನ ಬಸ್ಸಿಗೆ ಹೆಗಡೆಯವರು ಶಿರಸಿಗೆ ಬಂದಿದ್ದರು. ಪೋಲೀಸರು ಮೊಹರು ಹಾಕಿದ್ದು ಮುಂಬಾಗಿಲಿಗೆ. ಹಿಂದಿನ ತಗಡಿನ ಬಾಗಿಲು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಫೌಜದಾರರು ಇದನ್ನು ಬರೆಯುವಾಗ ಕೆಮ್ಮಿದರು. ಸಗಣಿ ಕದಡಿದ ನೀರು ಹೆಗಡೆಯವರು ತಂದ ಮಡಕೆಯಲ್ಲಿತ್ತು. ಅವಳು ಬಾಟಲಿಯನ್ನು ಮಿಷನ್ನಿಗೆ ಸಿಕ್ಕಿಸಿ ಚಕ್ರ ತಿರುಗಿಸಿದಳು. ಹೆಗಡೆಯವರು ಅದನ್ನು ಬಟ್ಟೆಯಲ್ಲಿ ಸುತ್ತಿ ಒಯ್ದರು.

"ಅಷ್ಟೇನಾ?"

"ಅಷ್ಟೇ ಅಕ್ಕ." ಅವಳು ಒಂದು ಗಳಿಗೆ ಯೋಚಿಸಿದಳು. "ಅದು ಆದ್ಮೇಲೆ ಇನ್ನೊಂದು ತುಂಬ್ದೆ. ಅದ್ರಲ್ಲಿ ಏನೂ ಮೋಸ ಇಲ್ಲ, ಖುದಾ ಕಸಮ್. ಇವರಿಗೇ ಅಂತ ತುಂಬಿದ್ದು. ಒಳಗೆ ಕೂತ್ಕೊಂಡು ಸೋಡಾ, ಸೋಡಾ ಅಂತಿದ್ರು. ನಮ್ಮ ಟಾಕಿ ಒಣಗಿತ್ತು. ಹೆಗಡೇರು ದಾರಿಗೆ ಅಂತ ಅವರ ಬಾವಿ ನೀರು ಚೆಂಬಿನಲ್ಲಿ ತಂದಿದ್ರು, ಬೇರೆ ಕಡೆ ನೀರು ಕುಡಿಯೋದಿಲ್ಲಲ್ಲ ಅವರು. ನಾನು ಕೇಳೋ ಮೊದ್ಲೇ ಅದನ್ನೇ ಕೊಟ್ರು. ಪಾಪ, ಇಸಾಕ ಕುಡೀಲಿ ಅಂದ್ರು. ಕನ್ನಡಿ ಹಂಗೆ ತಿಳಿ ನೀರು ಅಕ್ಕ."

ರಾಜೀವಿಯ ಕೈ ತನ್ನ ಚೀಲದೊಳಗಿನ ಶೀಶೆಯ ಮೇಲೆ ಹೋಯಿತು.

"ಅದನ್ನು ಇಸಾಕ ಯಾವಾಗ ಕುಡಿದ?"

"ಅವತ್ತೇ ಸಂಜೆ. ನಾನೇ ತಂದುಕೊಟ್ಟೆ. ಒಂದೇ ಉಸಿರಿಗೆ ಕುಡಿದ್ರು."

ಶನಿವಾರ ಸಂಜೆ. ತುಂಬಿದ ದಿನವೇ. ಯಲ್ಲಾಪುರದ ಮೊದಲ ಬಾಟಲಿಯಲ್ಲಿ ಗುಳ್ಳೆ ಎಷ್ಟು ದೊಡ್ಡದಿತ್ತೆಂದು ಅವಳು ವಹಿ ತೆಗೆದು ನೋಡಬೇಕಾಗಿರಲಿಲ್ಲ.

ಫೌಜದಾರರು ಲೇಖಣಿ ಎತ್ತಿ ಹಿಡಿದು ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು. "ಯಾಕ್ರಿ ಬಾಯಾರ? ಬೆವತೀರಿ?"

ನಜೀಮಾ ಕಂಬದ ಬಳಿ ಹೋಗಿ ಊಟದ ಡಬ್ಬಿ ಎತ್ತಿಕೊಂಡಳು. ಅದು ಇನ್ನೂ ಭಾರವಾಗಿತ್ತು; ಮುಚ್ಚಳ ತೆಗೆದೇ ಇರಲಿಲ್ಲ.

"ನಿನ್ನೆಯಿಂದ ಊಟ ಬೇಡ ಅಂತಾರೆ. ಅದಕ್ಕೇ ನಾನು ಊರಿಗೆ ಹೋಗ್ಲಿಲ್ಲ. ತಲೆ ಸಿಡೀತದಂತೆ," ಎಂದಳು. "ಸರಳಿನ ಸಂದಿಯಲ್ಲಿ ಕೈ ಹಿಡ್ಕೊಂಡೆ, ಕೆಂಡ ಮುಟ್ಟಿದ ಹಂಗೆ ಸುಡ್ತಿತ್ತು. ಒಳಗೆ ಗಾಳಿಯಿಲ್ಲ, ಸೆಖೆಗೆ ಇರಬೇಕು. ಅಲ್ವಾ ಅಕ್ಕ?"